ಬಿಎಸ್ಸಿ ಕೆಮಿಸ್ಟ್ರಿ: ಸಿಲಬಸ್ ಚೆನ್ನಾಗಿದೆ, ಲ್ಯಾಬ್ ನೋಡಿಕೊಂಡು ಸೇರಿ

ಪಿಯುಸಿ ರಿಸಲ್ಟ್ ಬರುತ್ತಿದ್ದ ಹಾಗೇ ಮನೆಮನೆಯಲ್ಲೂ ಲೆಕ್ಕಾಚಾರ ಶುರುವಾಗುತ್ತದೆ. ಸಿಇಟಿ ರ‍್ಯಾಂಕ್ ಎಷ್ಟು, ನೀಟ್‌ನಲ್ಲಿ ಎಷ್ಟು ಬಂತು, ಯಾವ ಬ್ರಾಂಚ್ ಸಿಗಬಹುದು. ಬಿಎಸ್ಸಿ ಹೆಸರು ಬರೋದು ಕೊನೆಗೆ. ಅದೂ ‘ಏನೂ ಸಿಗದಿದ್ದರೆ ಇದು ಇದ್ದೇ ಇದೆಯಲ್ಲ’ ಅಂತ. ಕೆಮಿಸ್ಟ್ರಿ ಓದಿ ಅದರಿಂದಲೇ ಅನ್ನ ತಿನ್ನುತ್ತಿರುವ ನನಗೆ ಈ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ನಾನು ಓದಿದ್ದು ಹಳೇ ಮೈಸೂರು ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್). ಕಾಲೇಜಿನ ಹೆಸರು ಬೇಡ. ಈಗ ಔಷಧ ಕಂಪನಿಯೊಂದರ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬ್‌ನಲ್ಲಿದ್ದೇನೆ, ಹೊಸದಾಗಿ ಬಿಎಸ್ಸಿ ಮುಗಿಸಿ ಬರುವ ಹುಡುಗ ಹುಡುಗಿಯರ ಜೊತೆ ದಿನವೂ ಕೆಲಸ ಮಾಡುತ್ತೇನೆ. ಹಾಗಾಗಿ ನಮ್ಮ ರಾಜ್ಯದ ಯೂನಿವರ್ಸಿಟಿಗಳ ಬಿಎಸ್ಸಿ ಕೆಮಿಸ್ಟ್ರಿ ಬಗ್ಗೆ ಹೇಳೋದಿದೆ.

ಮೊದಲೇ ಹೇಳಿಬಿಡುತ್ತೇನೆ. ಸಿಲಬಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಲ್ಯಾಬ್‌ಗೆ ಕಾಲೇಜು ನೋಡಿ ಒಂದರಿಂದ ನಾಲ್ಕರವರೆಗೆ. ಇಡೀ ಕೋರ್ಸಿನ ಬೆಲೆ ನಿಂತಿರೋದು ಈ ಎರಡನೇ ಅಂಕಿಯ ಮೇಲೆ.

ಸಿಲಬಸ್ ಯಾಕೆ ಚೆನ್ನಾಗಿದೆ ಅಂದರೆ, ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಮೂರೂ ಸಮನಾಗಿ ಬರುತ್ತವೆ, ಜೊತೆಗೆ ಅನಾಲಿಟಿಕಲ್ ಕೆಮಿಸ್ಟ್ರಿಯೂ ಇದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಎಸ್‌ಎನ್1, ಎಸ್‌ಎನ್2 ರಿಯಾಕ್ಷನ್‌ಗಳಲ್ಲಿ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನೋದು ಒಮ್ಮೆ ಅರ್ಥವಾದರೆ ಆರ್ಗ್ಯಾನಿಕ್‌ನ ಅರ್ಧ ಭಯ ಹೋಗುತ್ತದೆ. ಥರ್ಮೋಡೈನಮಿಕ್ಸ್ ಕಷ್ಟವೇ, ಸುಳ್ಳು ಹೇಳಲ್ಲ. ಮ್ಯಾತ್ಸ್ ಬೇಡ ಅಂತ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ತಗೊಂಡವರು ಅಲ್ಲಿ ಒದ್ದಾಡುತ್ತಾರೆ, ಯಾಕಂದರೆ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಗೊತ್ತಿಲ್ಲದೆ ಎಂಟ್ರೊಪಿ ಪಾಠ ಮುಂದೆ ಹೋಗೋದೇ ಇಲ್ಲ. ಮುಂದೆ ಎಂಎಸ್ಸಿ ಕೆಮಿಸ್ಟ್ರಿ ಮಾಡಬೇಕು ಅಂತಿದ್ದರೆ ಪಿಸಿಎಂ ತಗೊಳ್ಳಿ. ಬಯೋಕೆಮಿಸ್ಟ್ರಿ ಕಡೆ ಮನಸ್ಸಿದ್ದರೆ ಸಿಬಿಝಡ್ ಸರಿ.

ಒಂದು ಗೊಂದಲ ಬಿಡಿಸಬೇಕು, ಯಾಕಂದರೆ ಎಷ್ಟೋ ಜನ ಅಣ್ಣನ ಹಳೇ ಸಿಲಬಸ್ ಹಿಡಿದುಕೊಂಡು ಓಡಾಡುತ್ತಾರೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಡಿಗ್ರಿಗೆ ತಂದದ್ದು ಕರ್ನಾಟಕ. ಆಗ ಮೂರು ಮೇಜರ್ ಸಬ್ಜೆಕ್ಟ್ ಹೋಗಿ ಎರಡಾಯಿತು, ನಾಲ್ಕನೇ ವರ್ಷದ ಆನರ್ಸ್ ಬಂತು, ಓಪನ್ ಎಲೆಕ್ಟಿವ್ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಸಬ್ಜೆಕ್ಟ್ ಅಂತ ಆದೇಶ ಮಾಡಿತು. ಅಂದರೆ ಈಗ ಮತ್ತೆ ಪಿಸಿಎಂ, ಸಿಬಿಝಡ್. ಈ ಎಳೆದಾಟದಲ್ಲಿ ನಡುವೆ ಸಿಕ್ಕಿಕೊಂಡ ಬ್ಯಾಚ್‌ಗಳಿಗೆ ತುಂಬಾ ತೊಂದರೆ ಆಯಿತು. ಒಂದು ಬ್ಯಾಚಿಗೆ ಒಂದು ಸಿಲಬಸ್, ಅವರ ಜೂನಿಯರ್ಸ್‌ಗೆ ಇನ್ನೊಂದು. ಲೈಬ್ರರಿಯ ಪುಸ್ತಕ ಯಾವುದಕ್ಕೂ ಸರಿಯಾಗಿ ಹೊಂದಲ್ಲ. ಸೇರುವಾಗ ಯೂನಿವರ್ಸಿಟಿ ವೆಬ್‌ಸೈಟಿನಿಂದ ನಿಮ್ಮ ವರ್ಷದ ಸಿಲಬಸ್ ಪಿಡಿಎಫ್ ಇಳಿಸಿಕೊಂಡು ಮೊಬೈಲಲ್ಲೇ ಇಟ್ಟುಕೊಳ್ಳಿ.

ಇನ್ನು ಲ್ಯಾಬ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಟೈಟ್ರೇಷನ್ ಗೊತ್ತಲ್ಲ, ಆಕ್ಸಾಲಿಕ್ ಆಸಿಡ್ ಜೊತೆ ಮಾಡೋದು. ಫ್ಲಾಸ್ಕಿಗೆ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ, 60–70 ಡಿಗ್ರಿಗೆ ಬಿಸಿ ಮಾಡಿ, ಬ್ಯೂರೆಟ್‌ನಿಂದ ನೇರಳೆ ದ್ರಾವಣ ಬಿಡುತ್ತೀರಿ. ಮೊದಲ ಹನಿ ಬಿದ್ದಾಗ ಬಣ್ಣ ಹೋಗೋದೇ ಇಲ್ಲ. ಅಲ್ಲಾಡಿಸುತ್ತಾ ನಿಂತಿರುತ್ತೀರಿ, ಗುಲಾಬಿ ಬಣ್ಣ ಹಾಗೇ ಇರುತ್ತದೆ. ಎಷ್ಟೋ ಹುಡುಗರು ಅಲ್ಲೇ ಎಂಡ್ ಪಾಯಿಂಟ್ ಬಂತು, ಪ್ರತಿಕ್ರಿಯೆ ಮುಗಿಯಿತು ಅಂತ ನಿಲ್ಲಿಸಿಬಿಡುತ್ತಾರೆ. ಸ್ವಲ್ಪ ತಾಳಿದರೆ ಬಣ್ಣ ಹೋಗುತ್ತದೆ. ಆಮೇಲೆ ಬೀಳೋ ಹನಿಗಳ ಬಣ್ಣ ಬಿದ್ದ ತಕ್ಷಣ ಮಾಯ. ಯಾಕೆ? ಮೊದಲ ಹನಿ ಪ್ರತಿಕ್ರಿಯಿಸಿದಾಗ ಹುಟ್ಟಿದ ಮ್ಯಾಂಗನೀಸ್ ಅಯಾನೇ ಮುಂದಿನ ಹನಿಗಳಿಗೆ ಕ್ಯಾಟಲಿಸ್ಟ್ ಆಗಿ ಪ್ರತಿಕ್ರಿಯೆಯ ವೇಗ ಹೆಚ್ಚಿಸುತ್ತದೆ. ಪುಸ್ತಕದಲ್ಲಿ ‘ಆಟೋಕ್ಯಾಟಲಿಸಿಸ್’ ಅಂತ ಎರಡು ಸಾಲು ಇರುತ್ತದೆ, ಪರೀಕ್ಷೆಗೆ ಎರಡು ಮಾರ್ಕ್ಸಿಗೆ ಕೇಳುತ್ತಾರೆ. ಕಣ್ಣೆದುರೇ ಅದು ನಡೆಯುವಾಗ ಪಕ್ಕದಲ್ಲಿ ನಿಂತು ‘ನೋಡಮ್ಮಾ, ಇದೇ ಅದು’ ಅಂತ ಹೇಳುವ ಮೇಷ್ಟ್ರು ಇದ್ದರೆ ಆ ಎರಡು ಸಾಲು ಜನ್ಮದಲ್ಲಿ ಮರೆಯಲ್ಲ. ಆ ದ್ರಾವಣದ ಬಣ್ಣ ಗಾಢವಾಗಿರುವುದರಿಂದ ಬ್ಯೂರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು, ಬೇರೆ ದ್ರಾವಣಗಳ ಹಾಗೆ ಕೆಳಗಿನದನ್ನಲ್ಲ. ಇಂಥ ಸಣ್ಣ ವಿಷಯಗಳನ್ನು ಕೈಯೇ ಕಲಿಯಬೇಕು.

ನನ್ನ ಕಾಲೇಜಿನಲ್ಲಿ ಹೀಗಾಗಲಿಲ್ಲ. ಒಂದು ಬ್ಯೂರೆಟ್‌ಗೆ ಮೂವರು ನಾಲ್ವರು. ಒಬ್ಬ ಟೈಟ್ರೇಟ್ ಮಾಡುತ್ತಾನೆ, ಒಬ್ಬಳು ಬರೆದುಕೊಳ್ಳುತ್ತಾಳೆ, ಉಳಿದವರು ಕಿಟಕಿ ಹತ್ತಿರ. ಅರ್ಧ ಬ್ಯೂರೆಟ್‌ಗಳ ನಾಬ್ ಸೋರುತ್ತಿತ್ತು. ಪಿಪೆಟ್‌ಗೆ ರಬ್ಬರ್ ಬಲ್ಬ್ ಇರಲಿಲ್ಲ, ಆಸಿಡ್ ಆಗಲಿ ಏನೇ ಆಗಲಿ ಬಾಯಲ್ಲೇ ಎಳೆಯೋದು. ಇದು ಇವತ್ತಿಗೂ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತಿದೆ ಅಂತ ಹೊಸದಾಗಿ ಬರುವವರು ಹೇಳುತ್ತಾರೆ. ಆಕ್ಸಾಲಿಕ್ ಆಸಿಡ್ ವಿಷ. ಬಾಯಲ್ಲಿ ಪಿಪೆಟ್ ಎಳೆಯೋದು ಯಾವ ಲ್ಯಾಬ್‌ನಲ್ಲೂ ನಡೆಯಬಾರದು, ಒಂದು ರಬ್ಬರ್ ಬಲ್ಬಿನ ದುಡ್ಡಿಗಾಗಿ ಮಕ್ಕಳ ಆರೋಗ್ಯ ಪಣಕ್ಕಿಡೋದು ನನಗೆ ಒಪ್ಪಿಗೆಯಿಲ್ಲ. ಕನ್ನಡಕ ಇಲ್ಲ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಕೆಟ್ಟಿದೆ, ಸಾಲ್ಟ್ ಅನಾಲಿಸಿಸ್ ದಿನ ಇಡೀ ರೂಮಲ್ಲಿ ಹೊಗೆ. ಅಟೆಂಡರ್ ಬಂದು ಕಿಟಕಿ ತೆಗೆದರೆ ಅದೇ ಸೇಫ್ಟಿ.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮೂರು ರೀಡಿಂಗ್ ಒಂದೇ ಥರ ಬರಬೇಕು ಅಂತ ಹೇಳಿಕೊಡುತ್ತಾರಲ್ಲ, ಆ ಮಾತು ಹುಡುಗರ ತಲೆಗೆ ತಪ್ಪಾಗಿ ಇಳಿಯುತ್ತದೆ. ಒಂದು ಸಲ ಮಾಡಿ 10.2 ಬಂದರೆ ಇನ್ನೆರಡು ಸಲ ಮಾಡದೆಯೇ 10.2, 10.2 ಅಂತ ಬರೆದುಬಿಡುತ್ತಾರೆ. ಲೆಕ್ಕ ಕೂಡದಿದ್ದರೆ ಸೀನಿಯರ್ ರೆಕಾರ್ಡ್ ನೋಡಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ರೆಕಾರ್ಡಿಗೆ ಸಹಿ ಬೀಳುತ್ತದೆ, ಎಲ್ಲರಿಗೂ ಒಳ್ಳೆ ಮಾರ್ಕ್ಸ್. ಅದೇ ಹುಡುಗ ಕಂಪನಿಗೆ ಬಂದಾಗ ಏನಾಗುತ್ತದೆ ಗೊತ್ತಾ? ಇಲ್ಲಿ ಓದಿದ ಕ್ಷಣವೇ ಬರೆಯಬೇಕು, ಪೆನ್ನಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೇ ಅಂಕಿ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ, ತಾರೀಖು, ಕಾರಣ ಹಾಕಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಇನ್ಸ್‌ಪೆಕ್ಟರ್‌ಗಳು ನಮ್ಮ ದೇಶದ ಫ್ಯಾಕ್ಟರಿಗಳಿಗೆ ಬಂದಾಗ ಮೊದಲು ಕೆದಕೋದರಲ್ಲಿ ಇದೂ ಒಂದು, ಡೇಟಾ ಇಂಟೆಗ್ರಿಟಿ ಅಂತ. ಮಾಡದ ರೀಡಿಂಗ್ ಬರೆದವರ ಕೆಲಸ ಹೋಗುತ್ತದೆ, ಕಂಪನಿಯ ಮಾಲನ್ನು ಆ ದೇಶ ತಡೆಹಿಡಿಯಲೂಬಹುದು. ಅದಕ್ಕೂ ಮೇಲೆ, ಆ ಅಂಕಿಯನ್ನು ನಂಬಿ ಹೊರಗೆ ಹೋದ ಮಾತ್ರೆಯನ್ನು ಯಾರೋ ಒಬ್ಬ ರೋಗಿ ನುಂಗುತ್ತಾನೆ. ಮೂರು ವರ್ಷ ಸುಳ್ಳು ರೀಡಿಂಗ್ ಬರೆದು ರೂಢಿಯಾದ ಕೈಯನ್ನು ತಿದ್ದೋದು ಎಷ್ಟು ಕಷ್ಟ ಅಂತ ನಾನು ದಿನವೂ ನೋಡುತ್ತೇನೆ. ಬಂದ ರೀಡಿಂಗ್ ಬಂದ ಹಾಗೆ ಬರೆದವನಿಗೆ, ಅದು ತಪ್ಪಿದ್ದರೂ, ಯಾಕೆ ತಪ್ಪಾಯಿತು ಅಂತ ಬರೆದರೆ ಮಾರ್ಕ್ಸ್ ಕೊಡುವ ಪದ್ಧತಿ ಬರಬೇಕು. ಅದಕ್ಕೆ ಸರ್ಕಾರ ಹೊಸ ನೀತಿ ತರಬೇಕಾಗಿಲ್ಲ, ಲೆಕ್ಚರರ್ ಮನಸ್ಸು ಮಾಡಿದರೆ ಸಾಕು.

ಮಾಡಿಸುವ ಪ್ರಯೋಗಗಳ ಬಗ್ಗೆ ನನಗೆ ಇನ್ನೊಂದು ಆಸೆ ಇದೆ. ಇಡಿಟಿಎ ಅನ್ನೋ ರಾಸಾಯನಿಕ ಬಳಸಿ ನೀರಿನ ಗಡಸುತನ ಕಂಡುಹಿಡಿಯೋದು ಎಲ್ಲಾ ಕಡೆ ಇದೆ. ಅಮೋನಿಯಾ ಬಫರ್ ಹಾಕಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಇಂಡಿಕೇಟರ್ ಸ್ವಲ್ಪ ಹಾಕಿದರೆ ದ್ರಾವಣ ದ್ರಾಕ್ಷಿ ರಸದ ಕೆಂಪಾಗುತ್ತದೆ, ಟೈಟ್ರೇಷನ್ ಮುಗಿಯುವ ಹೊತ್ತಿಗೆ ನೀಲಿಗೆ ತಿರುಗುತ್ತದೆ. ಎಷ್ಟು ಚಂದದ ಪ್ರಯೋಗ! ಆದರೆ ಕೊಡೋದು ಲ್ಯಾಬ್‌ನಲ್ಲೇ ತಯಾರು ಮಾಡಿಟ್ಟ ಸ್ಯಾಂಪಲ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಮಕ್ಕಳು ಮನೆಯ ಬೋರ್‌ವೆಲ್ ನೀರನ್ನೇ ಒಂದು ಬಾಟಲಿಯಲ್ಲಿ ತರಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದಾಗ 600ರವರೆಗೆ ಆಗಬಹುದು ಅಂತಿದೆ. ತನ್ನ ಮನೆಯ ನೀರು ಎಲ್ಲಿ ನಿಲ್ಲುತ್ತದೆ ಅಂತ ತಾನೇ ಕಂಡುಹಿಡಿದ ಹುಡುಗಿ, ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಬಿಳಿ ಪದರ ಏನು ಅಂತ ಮನೆಯಲ್ಲಿ ಅಮ್ಮನಿಗೆ ಹೇಳುತ್ತಾಳೆ. ಆ ಭಾಗದಲ್ಲಿ ಫ್ಲೋರೈಡ್ ಕಾಟವೂ ಇದೆ, ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5. ಹಳ್ಳಿ ಕಾಲೇಜಿನ ಕೆಮಿಸ್ಟ್ರಿ ವಿಭಾಗಕ್ಕೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಬೇಕಾ?

ಮೇಷ್ಟ್ರುಗಳ ವಿಷಯ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2023ರ ಕೊನೆಯಲ್ಲಿ ಅವರು ಕಾಯಂ ಮಾಡಿ ಅಂತ ತರಗತಿ ಬಿಟ್ಟು ಮುಷ್ಕರ ಮಾಡಿದ್ದು ನೆನಪಿರಬಹುದು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಅನ್ನೋ ಚಿಂತೆಯಲ್ಲಿರುವವರು ಲ್ಯಾಬ್ ಕಟ್ಟಿ ಬೆಳೆಸೋದು ಹೇಗೆ? ಆದರೂ ನನಗೆ ಕೆಮಿಸ್ಟ್ರಿಯ ರುಚಿ ಹತ್ತಿಸಿದ್ದು ಒಬ್ಬ ಅತಿಥಿ ಉಪನ್ಯಾಸಕಿ. ಇಂಗ್ಲಿಷ್ ಪಠ್ಯ ತೆರೆದಿಟ್ಟುಕೊಂಡು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದ ಅರ್ಧ ಕ್ಲಾಸಿಗೆ ಅದೇ ಉಸಿರು. ಕನ್ನಡ ಮೀಡಿಯಂನಿಂದ ಬಂದಿದ್ದೇನೆ ಅಂತ ಈ ಕೋರ್ಸಿಗೆ ಯಾರೂ ಹೆದರಬೇಕಾಗಿಲ್ಲ. ಮೊದಲ ಎರಡು ಸೆಮಿಸ್ಟರ್ ಕಷ್ಟ, ಆಮೇಲೆ ಸಲೀಸು. ಪಾಠ ಸರಿಯಾಗಿ ಆಗದಿದ್ದರೆ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಪ್ರೊಫೆಸರ್‌ಗಳ ಪಾಠಗಳು ಪುಕ್ಕಟೆ ಇವೆ, ಸ್ಪೆಕ್ಟ್ರೋಸ್ಕೋಪಿ ಮಾತ್ರ ತಪ್ಪದೇ ಅಲ್ಲಿ ಕೇಳಿ.

ಕಾಲೇಜು ನೋಡಲು ಹೋದಾಗ ಗೇಟಿನ ಹತ್ತಿರ ಇರುವ ರ‍್ಯಾಂಕ್ ಫ್ಲೆಕ್ಸ್ ನೋಡಿ ಬರಬೇಡಿ. ಮಧ್ಯಾಹ್ನ ಪ್ರಾಕ್ಟಿಕಲ್ ನಡೆಯುವ ಹೊತ್ತಿಗೆ ಹೋಗಿ, ಲ್ಯಾಬ್ ಒಳಗೆ ಬಿಡ್ತೀರಾ ಅಂತ ಕೇಳಿ. ಒಬ್ಬರಿಗೆ ಒಂದು ಬ್ಯೂರೆಟ್ ಇದೆಯಾ, ಡಿಸ್ಟಿಲ್ಡ್ ವಾಟರ್ ಪ್ಲಾಂಟ್ ಓಡುತ್ತಿದೆಯಾ, ಫ್ಯೂಮ್ ಹುಡ್ ಸ್ವಿಚ್ ಹಾಕಿದರೆ ಗಾಳಿ ಎಳೆಯುತ್ತದಾ, ಪಿಎಚ್ ಮೀಟರ್, ಕಂಡಕ್ಟಿವಿಟಿ ಮೀಟರ್ ಮೇಜಿನ ಮೇಲಿವೆಯಾ ಅಥವಾ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರಾ ನೋಡಿ. ಬೀಗ ಹಾಕಿಟ್ಟ ಉಪಕರಣದಿಂದ ನಿಮಗೆ ಏನೂ ಸಿಗಲ್ಲ. ಸೀನಿಯರ್ ಒಬ್ಬರನ್ನು ಪಕ್ಕಕ್ಕೆ ಕರೆದು ಕಳೆದ ಸೆಮಿಸ್ಟರ್‌ನಲ್ಲಿ ಯಾವ ಯಾವ ಪ್ರಯೋಗ ನಿಜವಾಗಿ ಮಾಡಿದಿರಿ ಅಂತ ಕೇಳಿ. ಅವರು ಹೇಳುತ್ತಾರೆ.

ಕೆಲಸ ಸಿಗುತ್ತದಾ ಅಂದರೆ, ಸಿಗುತ್ತದೆ. ಜಿಗಣಿ, ಬೊಮ್ಮಸಂದ್ರ, ನಂಜನಗೂಡು, ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾ, ಇಲ್ಲೆಲ್ಲ ಔಷಧ ಕಂಪನಿಗಳಿವೆ, ಬಿಎಸ್ಸಿಯವರನ್ನು ಪ್ರೊಡಕ್ಷನ್ನಿಗೂ ಕ್ಯೂಸಿಗೂ ತಗೊಳ್ಳುತ್ತಾರೆ. ಶುರುವಿನ ಸಂಬಳ ಕಮ್ಮಿ, ಶಿಫ್ಟ್ ಇರುತ್ತದೆ. ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಮೆಷಿನ್) ಮುಟ್ಟಿ ನೋಡಿದವರಿಗೆ ಬೇಗ ಕೆಲಸ ಸಿಗುತ್ತದೆ, ಆದರೆ ಹೆಚ್ಚಿನ ಡಿಗ್ರಿ ಕಾಲೇಜುಗಳಲ್ಲಿ ಆ ಮೆಷಿನ್ನೇ ಇಲ್ಲ. ಕಾಲೇಜಿನವರು ಹತ್ತಿರದ ಯೂನಿವರ್ಸಿಟಿ ವಿಭಾಗಕ್ಕೋ ಕಂಪನಿಗೋ ಒಂದು ವಾರ ಕಳಿಸಿದರೂ ಎಷ್ಟೋ ಸಹಾಯ. ಮೇಷ್ಟ್ರಾಗೋ ಆಸೆ ಇದ್ದರೆ ಬಿಎಡ್ ಮಾಡಬಹುದು, ಮೈಸೂರಿನ ಆರ್‌ಐಇಯಲ್ಲಾದರೆ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಡಿಗ್ರಿ, ಬಿಎಡ್ ಎರಡೂ ಸೇರಿ ನಾಲ್ಕು ವರ್ಷ.

ಬೆಂಗಳೂರಿನ ಐಐಎಸ್‌ಸಿಯಲ್ಲೂ 2011ರಿಂದ ನಾಲ್ಕು ವರ್ಷದ ಡಿಗ್ರಿ ಇದೆ, ಕೆಮಿಸ್ಟ್ರಿ ಮೇಜರ್ ತಗೊಳ್ಳಬಹುದು, ಕೊನೆಗೆ ರಿಸರ್ಚ್ ಪ್ರಾಜೆಕ್ಟ್ ಮಾಡಬೇಕು. ಸಿಕ್ಕರೆ ಯೋಚನೆ ಮಾಡದೆ ಸೇರಿ. ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್–ಎಂಎಸ್ ಇದೆ, ಆದರೆ ಕರ್ನಾಟಕದಲ್ಲಿ ಐಸರ್ ಇಲ್ಲ, ತಿರುಪತಿಗೋ ತಿರುವನಂತಪುರಕ್ಕೋ ಹೋಗಬೇಕು. ಇವು ಸಿಗಲಿಲ್ಲ ಅಂತ ಕೈಚೆಲ್ಲಬೇಕಾಗಿಲ್ಲ. ಭಾರತರತ್ನ ಸಿ.ಎನ್.ಆರ್. ರಾವ್ ಬಿಎಸ್ಸಿ ಮಾಡಿದ್ದು ನಮ್ಮ ಮೈಸೂರು ಯೂನಿವರ್ಸಿಟಿಯಲ್ಲೇ, 1951ರಲ್ಲಿ.

ರಾಜ್ಯದ ಬಿಎಸ್ಸಿಯಿಂದ ಐಐಟಿಯ ಎಂಎಸ್ಸಿಗೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗುವ ಬಾಗಿಲು ಜಾಮ್ (ಜೆಎಎಂ) ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ನಮ್ಮ ಕಾಲೇಜುಗಳಲ್ಲಿ ಇದರ ಹೆಸರು ಹೇಳುವವರೇ ಕಮ್ಮಿ, ಅದು ನನಗೆ ತುಂಬಾ ಬೇಸರದ ವಿಷಯ. ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸ್. ಒಂದೇ ಸರಿ ಉತ್ತರದ ಪ್ರಶ್ನೆಗಳಿಗೆ ಮಾತ್ರ ನೆಗೆಟಿವ್ ಮಾರ್ಕಿಂಗ್ ಇದೆ, ಅಂಕಿ ಬರೆಯುವ ಪ್ರಶ್ನೆಗಳಿಗೆ ಇಲ್ಲ, ಹಾಗಾಗಿ ಅವುಗಳನ್ನು ಖಾಲಿ ಬಿಡಬೇಡಿ. ಫೈನಲ್ ಇಯರ್‌ನಲ್ಲಿ ಓದುತ್ತಿರುವಾಗಲೇ ಬರೆಯಬಹುದು, ಪರೀಕ್ಷೆ ಫೆಬ್ರವರಿಯಲ್ಲಿ. ಸೆಕೆಂಡ್ ಇಯರ್ ಮುಗಿದ ರಜೆಯಲ್ಲೇ ಹಳೇ ಪ್ರಶ್ನೆಪತ್ರಿಕೆ ಬಿಡಿಸೋಕೆ ಶುರು ಮಾಡಿ. ಕೋಚಿಂಗ್‌ಗೆ ದುಡ್ಡು ಸುರಿಯುವ ಮುಂಚೆ ಜಾಮ್ ವೆಬ್‌ಸೈಟ್ ತೆರೆದು ನೋಡಿ, ಹಳೇ ಪತ್ರಿಕೆಗಳು ಅಲ್ಲೇ ಪುಕ್ಕಟೆ ಸಿಗುತ್ತವೆ.