ಕೊಬ್ಬು ತೆಗೆಸುವ ಮುನ್ನ, ಫಿಲ್ಲರ್ ಚುಚ್ಚಿಸುವ ಮುನ್ನ: ಡಾಕ್ಟರನ್ನು ಕೇಳಲೇಬೇಕಾದ್ದು

2022ರ ಮೇ 16ರಂದು ಬೆಂಗಳೂರಿನ ಒಂದು ಕಾಸ್ಮೆಟಿಕ್ ಕೇಂದ್ರಕ್ಕೆ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ಮನೆಗೆ ಮರಳಲಿಲ್ಲ. ವಯಸ್ಸು 21. ಸಂಜೆಯ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು, ಬೇರೆ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ನಾಡಿ ಸಿಗುತ್ತಿರಲಿಲ್ಲ ಎಂದು ಆಗ ವರದಿಯಾಯಿತು. ಅಲ್ಲಿ ಸರಿಯಾದ ಸೌಲಭ್ಯವೇ ಇರಲಿಲ್ಲ ಎಂದು ಹೆತ್ತವರು ದೂರಿದರು. ಆ ಕೇಂದ್ರಕ್ಕೆ ಇದ್ದದ್ದು ಪಾಲಿಕ್ಲಿನಿಕ್ (ಹೊರರೋಗಿಗಳನ್ನು ನೋಡುವ ಕ್ಲಿನಿಕ್) ನಡೆಸುವ ಅನುಮತಿ ಮಾತ್ರ ಎಂಬ ಸುದ್ದಿಯೂ ಬಂತು. ನಾಲ್ಕು ದಿನ ಟಿವಿಯಲ್ಲಿ ಚರ್ಚೆ ನಡೆಯಿತು, ಆಮೇಲೆ ಎಲ್ಲರೂ ಮರೆತರು. ಇವತ್ತಿಗೂ ಜನ ಇನ್‌ಸ್ಟಾಗ್ರಾಂ ಜಾಹೀರಾತು ನೋಡಿ, ಆಫರ್ ಬೆಲೆ ಕೇಳಿ ಅಡ್ವಾನ್ಸ್ ಕಟ್ಟುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಲೈಪೊಸಕ್ಷನ್ ಎಂದರೆ ಪೈಪ್ ಹಾಕಿ ಕೊಬ್ಬು ಹೀರುವುದು, ಅಷ್ಟೇ ಎಂದು ಹೇಳಿಬಿಡುತ್ತಾರೆ. ಅಪಾಯ ಹೀರುವುದಕ್ಕಿಂತ ಮೊದಲೇ ಶುರುವಾಗುತ್ತದೆ. ಸಲೈನ್‌ಗೆ ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಮತ್ತು ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿ ಲೀಟರ್‌ಗಟ್ಟಲೆ ಚರ್ಮದಡಿಗೆ ತುಂಬುತ್ತಾರೆ. ಈ ವಿಧಾನದಲ್ಲಿ ಲಿಗ್ನೊಕೇನ್‌ಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 35 ಮಿ.ಗ್ರಾಂ. 60 ಕಿಲೋ ತೂಗುವವರಿಗೆ 2100 ಮಿ.ಗ್ರಾಂ. ಲೀಟರ್‌ಗೆ 1000 ಮಿ.ಗ್ರಾಂ ಬೆರೆಸಿದ ದ್ರಾವಣವಾದರೆ ಎರಡು ಲೀಟರ್‌ಗೇ ಮಿತಿ ಮುಟ್ಟಿತು. ಹೊಟ್ಟೆ, ಸೊಂಟ, ತೊಡೆ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿಕೊಡುತ್ತೇವೆ ಎನ್ನುವವರ ಬಳಿ ಈ ಲೆಕ್ಕ ತಪ್ಪುವುದು ಸುಲಭ. ಇನ್ನೂ ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ: ಚರ್ಮದಡಿಯ ಲಿಗ್ನೊಕೇನ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಪ್ರಮಾಣ ತುತ್ತತುದಿ ಮುಟ್ಟುವುದು ಸುಮಾರು 12 ಗಂಟೆಗಳ ನಂತರ. ಮಿತಿ ಮೀರಿದ್ದು, ಬೆಳಿಗ್ಗೆ ಮಾಡಿ ಸಂಜೆ ಆಟೊ ಹತ್ತಿಸಿದರೆ ತುಟಿ ಜೋಮು, ಕಿವಿಯಲ್ಲಿ ಗುಂಯ್‌ಗುಡುವುದು, ತೊದಲು ಮಾತು, ಫಿಟ್ಸ್ ಎಲ್ಲ ಮನೆಯಲ್ಲಿ ರಾತ್ರಿ ಕಾಣಿಸಿಕೊಳ್ಳಬಹುದು. ತುಂಬಿದ ದ್ರವದ ಜೊತೆ ಡ್ರಿಪ್‌ನ ನೀರೂ ಹೆಚ್ಚಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊಬ್ಬಿನ ಕಣ ರಕ್ತನಾಳ ಸೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು ಅಪಾಯ.

ಹಾಗಾಗಿ ಮೊದಲ ಭೇಟಿಯಲ್ಲೇ ಕೇಳಿ: ಎಷ್ಟು ಲೀಟರ್ ತೆಗೆಯುತ್ತೀರಿ? ಅರಿವಳಿಕೆ ತಜ್ಞರು ಯಾರು, ಪೂರ್ತಿ ಹೊತ್ತು ಪಕ್ಕದಲ್ಲೇ ಇರುತ್ತಾರಾ? ರಾತ್ರಿ ನೋಡಿಕೊಳ್ಳುವವರು ಯಾರು? ಐಸಿಯು ಈ ಕಟ್ಟಡದಲ್ಲೇ ಇದೆಯಾ? 5 ಲೀಟರ್‌ಗಿಂತ ಹೆಚ್ಚು ತೆಗೆಯುವುದಾದರೆ ಅದು ಆಸ್ಪತ್ರೆಯಲ್ಲೇ ಆಗಬೇಕು, ರಾತ್ರಿಯಿಡೀ ನಿಗಾ ಇರಬೇಕು. "ಪಕ್ಕದ ಆಸ್ಪತ್ರೆ ಜೊತೆ ಟೈ-ಅಪ್ ಇದೆ" ಎಂಬ ಉತ್ತರ ಬಂದರೆ ಎದ್ದು ಬನ್ನಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆ ಪಕ್ಕದ ಆಸ್ಪತ್ರೆ ಎಷ್ಟು ದೂರ ಎಂದು ನಿಮಗೇ ಗೊತ್ತು.

ಫಿಲ್ಲರ್, ಅಂದರೆ ಉಬ್ಬಿಸಲು ಚರ್ಮದಡಿಗೆ ಚುಚ್ಚುವ ಜೆಲ್, ಅದರ ವಿಷಯದಲ್ಲಿ ಜನರಿಗೆ ಭಯವೇ ಇಲ್ಲ. ಊಟದ ಬಿಡುವಿನಲ್ಲಿ ಮಾಡಿಸಿಕೊಂಡು ಬರಬಹುದು ಎಂದು ಮಾರುತ್ತಾರೆ. ತುಟಿಗೆ, ಕೆನ್ನೆಗೆ, ಮೂಗಿಗೆ ಹಾಕುವ ಹೈಲುರಾನಿಕ್ ಆಮ್ಲದ ಜೆಲ್ ಸಾಮಾನ್ಯವಾಗಿ 1 ಎಂಎಲ್ ಸಿರಿಂಜ್‌ನಲ್ಲಿ ಬರುತ್ತದೆ. ಅದರಲ್ಲಿ ಒಂದು ಹನಿ ರಕ್ತನಾಳದೊಳಗೆ ಹೋದರೂ ಸಾಕು, ಅಲ್ಲಿಂದ ಮುಂದಿನ ಚರ್ಮಕ್ಕೆ ರಕ್ತವಿಲ್ಲ. ಜಾಗ ಮೊದಲು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ, ಆಮೇಲೆ ನೀಲಿ-ನೇರಳೆ ಬಲೆಯಂಥ ಗೆರೆ ಮೂಡುತ್ತದೆ. ಬೆರಳಿಂದ ಒತ್ತಿ ಬಿಡಿ: ಆರೋಗ್ಯದ ಚರ್ಮಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ, ಇಲ್ಲಿ ನಾಲ್ಕೈದು ಸೆಕೆಂಡಾದರೂ ಬಾರದು. ಜೆಲ್‌ನಲ್ಲೇ ಲಿಗ್ನೊಕೇನ್ ಇರುವುದರಿಂದ ನೋವು ತಡವಾಗಿ ಗೊತ್ತಾಗಬಹುದು. ಎರಡು ಮೂರು ದಿನಕ್ಕೆ ಕೀವಿನ ಗುಳ್ಳೆಗಳು ಏಳುತ್ತವೆ. ತಿಳಿಯದವರು ಅದನ್ನು ಮೊಡವೆ ಅಥವಾ ಹರ್ಪಿಸ್ ಎಂದುಕೊಂಡು ಮುಲಾಮು ಬರೆದುಕೊಟ್ಟು ಕಳಿಸುತ್ತಾರೆ. ಚರ್ಮ ಕಪ್ಪಾಗಿ ಕಳಚಿದ ಮೇಲೆ ಉಳಿಯುವುದು ಕಲೆಯೇ.

ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಅಪಾಯ ಅತಿ ಹೆಚ್ಚು, ಏಕೆಂದರೆ ಅಲ್ಲಿನ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳದ ಜೊತೆ ನೇರ ಸಂಪರ್ಕವಿದೆ. ಜೆಲ್ ಹಿಂದಕ್ಕೆ ಹರಿದು ರೆಟಿನಾದ ರಕ್ತ ನಿಂತರೆ ಒಂದೂವರೆ ಗಂಟೆಯೊಳಗೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಚುಚ್ಚಿದ ತಕ್ಷಣ ಕಣ್ಣು ಮಂಜಾದರೆ, ಕಣ್ಣಿನ ಹಿಂದೆ ನೋವು ಬಂದರೆ ಆ ಕ್ಷಣವೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಈ ಜೆಲ್ ಕರಗಿಸಲು ಮದ್ದಿದೆ, ಹೈಲುರೊನಿಡೇಸ್. ನಮ್ಮಲ್ಲಿ 1500 ಯೂನಿಟ್‌ನ ವೈಲ್ (ಪುಟ್ಟ ಬಾಟಲಿ) ಸಿಗುತ್ತದೆ. ರಕ್ತನಾಳ ಕಟ್ಟಿಕೊಂಡಾಗ ಒಂದು ವೈಲ್ ಸಾಲದೆ ಹೋಗಬಹುದು, ಬಣ್ಣ ಮರಳುವವರೆಗೂ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಆದ್ದರಿಂದ "ಹೈಲುರೊನಿಡೇಸ್ ಎಷ್ಟು ವೈಲ್ ಇದೆ, ಒಮ್ಮೆ ತೋರಿಸಿ" ಎಂದು ಕೇಳಿ. ಫ್ರಿಜ್ ತೆಗೆದು ತೋರಿಸುವ ಡಾಕ್ಟರ್ ಈ ಅಪಾಯವನ್ನು ಯೋಚಿಸಿದ್ದಾರೆ. "ಹಾಗೆಲ್ಲ ನಮ್ಮಲ್ಲಿ ಆಗೋದೇ ಇಲ್ಲ" ಎನ್ನುವವರು ಯೋಚಿಸಿಲ್ಲ. ನಮ್ಮ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಸಿಲಿಕೋನ್ ಮತ್ತಿತರ ಶಾಶ್ವತ ಫಿಲ್ಲರ್‌ಗಳಿಗೆ ಕರಗಿಸುವ ಮದ್ದೇ ಇಲ್ಲ, ಅವುಗಳ ತಂಟೆಗೆ ಹೋಗಬೇಡಿ. ಬಾಕ್ಸನ್ನು ನಿಮ್ಮೆದುರೇ ಒಡೆಯಲಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಆಮದು ಪರವಾನಗಿ ಸಂಖ್ಯೆ ಓದಿ ಫೋಟೊ ತೆಗೆದುಕೊಳ್ಳಿ. ಒಳಗಿರುವ ಸ್ಟಿಕರ್ ನಿಮ್ಮ ಫೈಲ್‌ಗೆ ಅಂಟಬೇಕು. ಸುಕ್ಕು ತಗ್ಗಿಸುವ ಚುಚ್ಚುಮದ್ದು ಬೊಟಾಕ್ಸ್‌ಗೂ ಹಾಗೆಯೇ: "ಒಂದು ಏರಿಯಾಕ್ಕೆ ಇಷ್ಟು" ಎನ್ನುವ ದರ ಬೇಡ, ಎಷ್ಟು ಯೂನಿಟ್ ಎಂದು ಬರೆಸಿಕೊಳ್ಳಿ. ಹುಬ್ಬುಗಳ ನಡುವಿನ ಗೆರೆಗೆ ಲೇಬಲ್‌ನಲ್ಲಿರುವ ಪ್ರಮಾಣ 20 ಯೂನಿಟ್.

ಲೇಸರ್‌ನಲ್ಲಿ ಸಾವು ಅಪರೂಪ, ಸುಟ್ಟಗಾಯ ಅಪರೂಪವಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಕೂದಲು ತೆಗೆಯಲು 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, 755ರ ಅಲೆಕ್ಸಾಂಡ್ರೈಟ್ ಲೇಸರ್ ಮತ್ತು ಐಪಿಎಲ್ ಎಂಬ ತೀವ್ರ ಬೆಳಕಿನ ಯಂತ್ರದಿಂದ ಸುಡುವ ಸಂಭವ ಹೆಚ್ಚು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಮಾಡಿಸಬೇಡಿ, ಮೊದಲು ಚಿಕ್ಕ ಜಾಗದಲ್ಲಿ ಟೆಸ್ಟ್ ಮಾಡಲಿ. ಮದುವೆ ಸೀಸನ್‌ನಲ್ಲಿ ಮಾರುವ ಗ್ಲುಟಾಥಯೋನ್ "ಬಿಳಿಯಾಗುವ ಡ್ರಿಪ್" ಅನ್ನು ಕಣ್ಣೆತ್ತಿಯೂ ನೋಡಬೇಡಿ. ಚರ್ಮ ಬಿಳಿ ಮಾಡಲು ಅದನ್ನು ರಕ್ತನಾಳಕ್ಕೆ ಕೊಡುವುದಕ್ಕೆ ನಮ್ಮ ದೇಶದಲ್ಲಿ ಅನುಮೋದನೆಯೇ ಇಲ್ಲ.

ಇನ್ನು ಡಿಗ್ರಿ. "ಕಾಸ್ಮೆಟಾಲಜಿಸ್ಟ್", "ಏಸ್ಥೆಟಿಕ್ ಫಿಸಿಶಿಯನ್" ಎಂಬುವು ಯಾವ ವೈದ್ಯಕೀಯ ಪದವಿಯೂ ಅಲ್ಲ. ಚರ್ಮತಜ್ಞರಾದರೆ ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂ.ಡಿ. (ಡಿವಿಎಲ್ ಎಂದು ಬರೆದಿರುತ್ತದೆ), ಡಿಎನ್‌ಬಿ ಅಥವಾ ಡಿಪ್ಲೊಮಾ ಇರಬೇಕು. ಪ್ಲಾಸ್ಟಿಕ್ ಸರ್ಜನ್ ಆದರೆ ಎಂ.ಸಿಎಚ್ ಅಥವಾ ಡಿಎನ್‌ಬಿ. ಹೆಸರಿನ ಮುಂದಿನ ಫೆಲೋಶಿಪ್‌ಗಳು ವಾರಾಂತ್ಯದ ಕೋರ್ಸ್‌ಗಳೂ ಆಗಿರಬಹುದು. ವರ್ಕ್‌ಶಾಪ್‌ನಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ಇಂಥ ಚಿಕಿತ್ಸೆಗೆ ಸಾಕಾಗುವ ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಕೂದಲು ಕಸಿಯ ಮಾರ್ಗಸೂಚಿಯಲ್ಲಿ ಬರೆದಿದೆ. ಡಾಕ್ಟರ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ಆಯೋಗದ ಜಾಲತಾಣದಲ್ಲಿ ಹುಡುಕಿ. ಎಂಬಿಬಿಎಸ್ ಮಾತ್ರ ಕಾಣಿಸುತ್ತಿದೆಯಾ, ಸ್ನಾತಕೋತ್ತರ ಪದವಿಯೂ ದಾಖಲಾಗಿದೆಯಾ ನೋಡಿ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇರೆ ಇರಬೇಕು, ಪ್ರಮಾಣಪತ್ರ ಕಾಣುವ ಹಾಗೆ ಹಾಕಿರಬೇಕು. ಅದರಲ್ಲಿ ಯಾವ ದರ್ಜೆಗೆ ಅನುಮತಿ ಎಂದು ಬರೆದಿರುತ್ತದೆ, ಓದಿ. ಕನ್ಸಲ್ಟೇಶನ್ ರೂಮಿನ ಅನುಮತಿಯಲ್ಲಿ ಆಪರೇಶನ್ ಮಾಡುವಂತಿಲ್ಲ.

ಒಳ್ಳೆಯ ಡಿಗ್ರಿಯವರು ಬೋರ್ಡಿನ ಮೇಲೆ, ಸೂಜಿ ಹಿಡಿಯುವವರು ಬೇರೆ, ಹೀಗೂ ಆಗುತ್ತದೆ. ಪ್ಯಾಕೇಜ್ ಮಾರುವ "ಕೌನ್ಸೆಲರ್" ಡಾಕ್ಟರಲ್ಲ. ಚಿಕಿತ್ಸೆ ಮಾಡುವವರ ಹೆಸರು ಒಪ್ಪಿಗೆ ಪತ್ರದಲ್ಲಿ ಇರಲಿ, ಆ ಪತ್ರವನ್ನು ಹಿಂದಿನ ದಿನವೇ ಮನೆಗೆ ತಂದು ಓದಿ. ಕುರ್ಚಿಯಲ್ಲಿ ಮಲಗಿಸಿ, ಮುಖಕ್ಕೆ ಮರಗಟ್ಟಿಸುವ ಕ್ರೀಮ್ ಹಚ್ಚಿದ ಮೇಲೆ ಸಹಿ ಕೇಳಿದರೆ ಹಾಕಬೇಡಿ. ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ ಹೋಗಿ, ಗುಟ್ಟಾಗಿ ಹೋದವರನ್ನು ರಾತ್ರಿ ಆಸ್ಪತ್ರೆಗೆ ಒಯ್ಯಲು ಯಾರೂ ಇರುವುದಿಲ್ಲ.

ಈಗಾಗಲೇ ಎಡವಟ್ಟಾಗಿದ್ದರೆ ದಿನಾ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಬೇರೆ ತಜ್ಞರಿಗೆ ತೋರಿಸಿ, ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. 72 ಗಂಟೆಯೊಳಗೆ ಕೊಡುವುದು ವೈದ್ಯರ ಹೊಣೆ. ಡಾಕ್ಟರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕ್ ಮೇಲಿನದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗವಿದೆ, ಅಲ್ಲಿ ಎರಡು ವರ್ಷದೊಳಗೆ ದಾವೆ ಹೂಡಬೇಕು. ಹಣ ವಾಪಸ್ ಕೊಡುತ್ತೇವೆ, ಇನ್ನು ಯಾವ ದೂರೂ ಇಲ್ಲ ಎಂದು ಬರೆದುಕೊಡಿ ಎಂದರೆ, ವಕೀಲರಿಗೆ ತೋರಿಸದೆ ಆ ಕಾಗದಕ್ಕೆ ಸಹಿ ಹಾಕಬೇಡಿ.