ಕಾರವಾರ–ಗೋಕರ್ಣ ದಾರಿಯ ಪಾರ್ಸೆಲ್ ಪಿಜ್ಜಾ: ಮನೆ ಮುಟ್ಟುವಾಗ ಉಳಿಯುವುದೆಷ್ಟು?

ಚಳಿಗಾಲಕ್ಕೆ ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ ಬಂದು ವಾರಗಟ್ಟಲೆ ಉಳಿಯುವ ಹೊರದೇಶದವರಿಗೂ, ರಜೆಗೆಂದು ಹೊರದೇಶದಿಂದ ಕುಮಟೆ, ಅಂಕೋಲೆಯ ಮನೆಗೆ ಬರುವ ನಮ್ಮವರಿಗೂ ಒಂದು ಹುಡುಕಾಟ ಸಮಾನ. ಕಟ್ಟಿಸಿಕೊಂಡು ಹೋಗಿ ತಿನ್ನುವಂಥ ಪಿಜ್ಜಾ ಎಲ್ಲಿ ಸಿಗುತ್ತದೆ? ಈ ಕರಾವಳಿಯಲ್ಲಿ ಸೀಸನ್ ಮುಗಿದರೆ ಬೀಚಿನ ಅಂಗಡಿ ಮುಚ್ಚುತ್ತದೆ, ಮತ್ತೆ ತೆರೆದಾಗ ಅಡಿಗೆಯವರು ಅವರೇ ಇರುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ಅಂಗಡಿಯ ಹೆಸರು ಹಿಡಿಯುವುದಕ್ಕಿಂತ ಪಿಜ್ಜಾದ ಬಗೆ ಹಿಡಿದು ಹೇಳುವುದು ಹೆಚ್ಚು ಉಪಯೋಗ. ಇಲ್ಲಿ ಸಿಗುವುದು ಮೂರು ಬಗೆ: ಕಟ್ಟಿಗೆ ಒಲೆಯದು, ಚೈನ್ ಅಂಗಡಿಯದು, ಬೇಕರಿಯದು.

ರುಚಿಯಲ್ಲಿ ಕಟ್ಟಿಗೆ ಒಲೆಯದೇ ಮೇಲು. ಪಾರ್ಸೆಲ್‌ಗೆ ಮಾತ್ರ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಇಟಲಿಯ ನೇಪಲ್ಸ್ ಊರಿನ ಪದ್ಧತಿಯ ಪಿಜ್ಜಾ ಬೇಯುವ ಒಲೆಯ ನೆಲ 380ರಿಂದ 430 ಡಿಗ್ರಿ, ಮೇಲಿನ ಗುಮ್ಮಟ 485 ಡಿಗ್ರಿ ಸೆಲ್ಸಿಯಸ್ ಇರಬೇಕು, 60ರಿಂದ 90 ಸೆಕೆಂಡಿನೊಳಗೆ ಬೆಂದು ಹೊರಗೆ ಬರಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಹಿಟ್ಟಿನ ನೀರು ಆರುವುದಿಲ್ಲ. ಅಂಚು ಉಬ್ಬಿ ಅಲ್ಲಲ್ಲಿ ಕರಕಾಗುತ್ತದೆ, ನಡುವೆ ಮೆತ್ತಗೆ ಉಳಿಯುತ್ತದೆ. ಮೇಲೆ ಹಾಕುವ ಹಸಿ ಮೊಝರೆಲ್ಲಾ ಚೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಸಿರ್ಸಿ ಕಡೆಯ ತೆಳ್ಳೇವಿನ (ತೆಳು ದೋಸೆಯ) ಗುಣವೇ ಇದಕ್ಕೂ: ಒಲೆಯ ಬದಿಯಲ್ಲೇ ಕೂತು ತಿಂದರೆ ಸ್ವರ್ಗ, ಡಬ್ಬಿಯಲ್ಲಿ ಹಾಕಿ ಅರ್ಧ ತಾಸು ಬಿಟ್ಟರೆ ಒದ್ದೆ ಬಟ್ಟೆ. ನೇಪಲ್ಸಿನವರೂ ಬೀದಿಯಲ್ಲಿ ಒಯ್ಯುವುದಾದರೆ ಸಣ್ಣ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ, ಕಾಗದದಲ್ಲಿ ಹಿಡಿದು, ನಡೆಯುತ್ತಲೇ ತಿನ್ನುತ್ತಾರೆ. ಕುಡ್ಲೆಯಲ್ಲಿ ಕೊಂಡದ್ದನ್ನು ಕುಡ್ಲೆಯ ಮರಳಿನ ಮೇಲೇ ತಿನ್ನಿ. ಸುಮಾರು 30 ಕಿ.ಮೀ. ದೂರದ ಕುಮಟೆಗೆ ಒಯ್ಯಬೇಡಿ.

ಒಯ್ಯಲೇಬೇಕು ಎಂದಾದರೆ ಆರ್ಡರ್ ಕೊಡುವಾಗಲೇ ಹೇಳಿ: ಒಲೆಯ ಬಾಯಿಯ ಹತ್ತಿರ, ಕಾವು ಕಡಿಮೆ ಇರುವ ಕಡೆ, ಮೂರು ನಾಲ್ಕು ನಿಮಿಷ ಬೇಯಿಸಿ ಕೊಡಿ, ಸಾಸ್ ಕಡಿಮೆ ಇರಲಿ, ಹಸಿ ಚೀಸ್ ಬದಲು ನೀರು ಕಡಿಮೆ ಇರುವ ಗಟ್ಟಿ (ಬ್ಲಾಕ್) ಮೊಝರೆಲ್ಲಾ ಹಾಕಿ. 12 ಇಂಚಿನ ಪಿಜ್ಜಾಕ್ಕೆ 250 ಗ್ರಾಂ ಹಿಟ್ಟಿನ ಉಂಡೆ, 70 ಗ್ರಾಂ ಸಾಸ್, 100 ಗ್ರಾಂ ಚೀಸ್ ಸಾಕು. ಚೀಸ್ ಹೆಚ್ಚಾದಷ್ಟೂ ಪಾರ್ಸೆಲ್ ಕೆಡುತ್ತದೆ. ಎಕ್ಸ್‌ಟ್ರಾ ಚೀಸ್ ಕೂತು ತಿನ್ನುವವರಿಗಿರಲಿ.

ಕರಾವಳಿಯ ಹವೆಯೂ ಹಿಟ್ಟಿನ ಮೇಲೆ ಕೈಯಾಡಿಸುತ್ತದೆ. ಏಪ್ರಿಲ್–ಮೇ ಸೆಕೆಯಲ್ಲಿ ಇಡ್ಲಿ ಹಿಟ್ಟು ಎಷ್ಟು ಬೇಗ ಹುಳಿ ಬರುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು, ಪಿಜ್ಜಾ ಹಿಟ್ಟಿಗೂ ಅದೇ ಗತಿ. ಈಸ್ಟ್ ಹೆಚ್ಚು ಹಾಕಿ ಎರಡು ತಾಸಿನಲ್ಲಿ ಉಬ್ಬಿಸಿದ ಹಿಟ್ಟಿಗೆ ಬ್ರೆಡ್ಡಿನ ವಾಸನೆ ಇರುತ್ತದೆ, ರುಚಿ ಇರುವುದಿಲ್ಲ, ಆರಿದ ಮೇಲೆ ಚರ್ಮದಂತೆ ಎಳೆಯುತ್ತದೆ. ಈಸ್ಟ್ ತೀರ ಕಡಿಮೆ ಹಾಕಿ, ಫ್ರಿಜ್ಜಿನಲ್ಲಿ 24 ತಾಸು ಇಟ್ಟ ಹಿಟ್ಟು ತಣ್ಣಗಾದ ಮೇಲೂ ಹಲ್ಲಿಗೆ ಸುಲಭ. ಆದರೆ ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟು ಹೋದರೆ ಆ ಹಿಟ್ಟು ಹುಳಿಯೊಡೆದು ಸಡಿಲವಾಗುತ್ತದೆ. ತಟ್ಟುವಾಗ ಹರಿಯುತ್ತದೆ, ಬೆಂದರೂ ಬಣ್ಣ ಬರುವುದಿಲ್ಲ, ಯಾಕೆಂದರೆ ಬಣ್ಣ ಬರಿಸುವ ಸಕ್ಕರೆಯನ್ನು ಈಸ್ಟ್ ಮೊದಲೇ ತಿಂದು ಮುಗಿಸಿರುತ್ತದೆ. ಕಟ್ಟಿಗೆ ಹಸಿಯಿದ್ದರೂ ಅದೇ ಬಿಳಿಚು: ಹೊಗೆ ಜಾಸ್ತಿ, ಕಾವು ಕಡಿಮೆ. ಪೆಟ್ಟಿಗೆ ತೆರೆದಾಗ ಒಂದು ತುಂಡಿನ ಅಡಿ ಎತ್ತಿ ನೋಡಿ. ಕಂದು ಚುಕ್ಕೆಗಳಿದ್ದರೆ ಸರಿ, ಹಿಟ್ಟಿನ ಬಣ್ಣವೇ ಇದ್ದರೆ ಮತ್ತೆ ಒಲೆಗೆ ಹಾಕಿಸಿ. ಇದನ್ನು ಕೇಳಲು ಸಂಕೋಚ ಬೇಡ.

ಕೆಲಸ ಕೆಡುವುದು ಹೆಚ್ಚಾಗಿ ಪೆಟ್ಟಿಗೆಯಲ್ಲಿ. ಬಿಸಿ ಪಿಜ್ಜಾದ ಉಗಿ ಮುಚ್ಚಳಕ್ಕೆ ಬಡಿದು ನೀರಾಗಿ ಕೆಳಗಿಳಿಯುತ್ತದೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ರಟ್ಟು ಹೀರುವುದಾದರೂ ಎಷ್ಟು? ಒಲೆಯಿಂದ ತೆಗೆದ ಪಿಜ್ಜಾವನ್ನು ಜಾಲರಿಯ ಮೇಲೆ ಎರಡು ನಿಮಿಷ ಇಟ್ಟು, ಆಮೇಲೆ ಕತ್ತರಿಸಿ ಪೆಟ್ಟಿಗೆಗೆ ಹಾಕುವ ಅಂಗಡಿ ಸಿಕ್ಕರೆ ಅದನ್ನು ಬಿಡಬೇಡಿ. ಆ ಎರಡೇ ನಿಮಿಷದಲ್ಲಿ ಉಗಿಯ ಜೋರು ಇಳಿಯುತ್ತದೆ, ಚೀಸ್ ಕೂರುತ್ತದೆ. ಪೆಟ್ಟಿಗೆ ಅಲೆಅಲೆ ರಟ್ಟಿನದಾಗಿರಲಿ, ಪಕ್ಕದ ಗಾಳಿಕಿಂಡಿಗಳನ್ನು ಬೆರಳಿನಿಂದ ಒತ್ತಿ ತೆರೆಯಿರಿ. ನಡುವೆ ನಿಲ್ಲಿಸುವ ಮೂರು ಕಾಲಿನ ಪುಟ್ಟ ಪ್ಲಾಸ್ಟಿಕ್ ಮೇಜಿಗೆ ನ್ಯೂಯಾರ್ಕಿನ ಕಾರ್ಮೆಲಾ ವಿಟಾಲೆ ಎಂಬಾಕೆ 1985ರಲ್ಲಿ ಪೇಟೆಂಟ್ ಪಡೆದಳು. ಮುಚ್ಚಳ ತಗ್ಗಿ ಚೀಸಿಗೆ ಅಂಟದಂತೆ ತಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಬೇರೆ ಪೆಟ್ಟಿಗೆ ಹೇರಬೇಡಿ. ಪಿಜ್ಜಾದ ಅಡಿಗೆ ಅಚ್ಚಾದ ಪತ್ರಿಕೆ ಹಾಸಿಕೊಟ್ಟರೆ ತೆಗೆಸಿಬಿಡಿ, ಅದರ ಶಾಯಿ ಹೊಟ್ಟೆಗೆ ಹೋಗುವ ವಸ್ತುವಲ್ಲ.

ಸ್ಕೂಟರಿನ ಕೊಕ್ಕೆಗೆ ಚೀಲ ತೂಗುಹಾಕಿದರೆ ಪಿಜ್ಜಾ ಓರೆಯಾಗಿ, ಚೀಸ್ ಅಷ್ಟೂ ಒಂದೇ ಕಡೆಗೆ ಜಾರಿರುತ್ತದೆ. ಕಾಲಿಡುವ ಜಾಗದಲ್ಲಿ ಅಡ್ಡವಾಗಿ ಇಡಬೇಕು. ಮಳೆಯಿದ್ದರೆ ಪೆಟ್ಟಿಗೆಗೆ ಒಣ ಟವೆಲ್ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್. ಉಗಿಯನ್ನು ಟವೆಲ್ ಕುಡಿಯುತ್ತದೆ.

ಕಾರವಾರದಂಥ ಊರಿನ ಚೈನ್ ಅಂಗಡಿಯ ಪಿಜ್ಜಾ ರುಚಿಯಲ್ಲಿ ಎರಡನೆಯದು, ಪಾರ್ಸೆಲ್‌ನಲ್ಲಿ ಮೊದಲನೆಯದು. ಸುಮಾರು 250 ಡಿಗ್ರಿಯಲ್ಲಿ ಆರೇಳು ನಿಮಿಷ ಬೇಯುವ ಹಿಟ್ಟು, ನೀರು ಕಡಿಮೆಯ ಚೀಸ್, ಗಟ್ಟಿ ಸಾಸ್ ಎಲ್ಲವೂ ಪೆಟ್ಟಿಗೆಯ ಪ್ರಯಾಣಕ್ಕೆಂದೇ ಹೊಂದಿಸಿದವು. ತೆಳು ಬೇಸ್ ಕೇಳಿದರೆ ಗರಿ ಇನ್ನಷ್ಟು ಹೊತ್ತು ತಡೆಯುತ್ತದೆ. ಅಳತೆಯ ಲೆಕ್ಕವನ್ನೂ ನೋಡಿಕೊಳ್ಳಿ: 8 ಇಂಚಿನ ಎರಡು ಪಿಜ್ಜಾ ಸೇರಿ ಸುಮಾರು 100 ಚದರ ಇಂಚು, 12 ಇಂಚಿನದು ಒಂದೇ 113. ದೊಡ್ಡದು ಬಿಸಿಯನ್ನೂ ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಬೇಕರಿ ಪಿಜ್ಜಾವನ್ನು ಪಿಜ್ಜಾ ಎನ್ನಲು ಮನಸ್ಸೊಪ್ಪುವುದಿಲ್ಲ. ಪ್ಯಾಕೆಟ್ಟಿನ ಒಣ ಬೇಸ್, ಸಿಹಿ ಕೆಚಪ್, ದೊಣ್ಣೆಮೆಣಸು, ಮೇಲೆ ಕೆಲವೊಮ್ಮೆ ಸಸ್ಯದೆಣ್ಣೆಯಿಂದ ಮಾಡಿದ ಚೀಸಿನಂಥ ವಸ್ತು. ಅದು ಬಿಸಿಯಲ್ಲೂ ಸರಿಯಾಗಿ ನೂಲೆಳೆಯುವುದಿಲ್ಲ, ಆರಿದರೆ ರಬ್ಬರು. ಪ್ಯಾಕೆಟ್ ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು. ಒಳ್ಳೆಯ ಚೀಸ್ ಬಳಸುವ ಬೇಕರಿ ಸಿಕ್ಕರೆ ಸಂಜೆಯ ತಿಂಡಿಗೆ ಅಡ್ಡಿಯಿಲ್ಲ.

ಸಸ್ಯಾಹಾರಿಗಳು ಕಟ್ಟಿಗೆ ಒಲೆಯ ಅಂಗಡಿಯಲ್ಲಿ ಇನ್ನೊಂದನ್ನು ತಪ್ಪದೆ ಕೇಳಬೇಕು. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸ್ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಮೇಲೆ ಉದುರಿಸುವ ಪುಡಿ ಅದೇ ಆಗಿದ್ದರೆ ಬೇಡವೆನ್ನಿ. ಬೆಳ್ಳುಳ್ಳಿ ತಿನ್ನದವರು ತರಕಾರಿಯ ಜೊತೆಗೆ ಸಾಸನ್ನೂ ವಿಚಾರಿಸಲಿ, ಸಿದ್ಧ ಸಾಸುಗಳಲ್ಲಿ ಅದರ ಪುಡಿ ಇರುವುದುಂಟು.

ಪಿಜ್ಜಾದ ಮೇಲೆ ಹಾಕಿಸಲು ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಿಗುವಂಥದ್ದು ಬೇರೆಡೆ ಇಲ್ಲ. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಗೊಂಚಲುಗಟ್ಟಿ ತೂಗುವ ಕುಮಟೆಯ ಸಿಹಿ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಹಿಂಡಿ ಹಾಕಿದರೆ ಬೇರೇನೂ ಬೇಡ. ಹಿಂಡದೆ ಹಾಕಿದರೆ ಅದೂ ನೀರು ಬಿಡುತ್ತದೆ. ಬನವಾಸಿಯ ಅನಾನಸನ್ನು ಮೊದಲು ಬಾಣಲೆಯಲ್ಲಿ ಹುರಿದು ರಸ ಆರಿಸಿ, ಸಿರ್ಸಿಯ ಕಾಳುಮೆಣಸು ಕುಟ್ಟಿ ಉದುರಿಸಿ. ಸಿಗಡಿಯಾದರೆ ಮೊದಲೇ ಅರೆಬೇಯಿಸಿ, ಒರೆಸಿ ಹಾಕಬೇಕು.

ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಸಿರ್ಸಿಗೆ ಸುಮಾರು 60 ಕಿ.ಮೀ. ಇಷ್ಟು ದಾರಿಗೆ ಯಾವ ಪಿಜ್ಜಾವೂ ಬಾಳದು. ಅರೆಬೆಂದದ್ದನ್ನು ಕೇಳಿ ಒಯ್ಯಿರಿ: ಬೇಸ್ ಮೇಲೆ ಸಾಸ್ ಸವರಿ, ಚೀಸಿಲ್ಲದೆ ಬೇಯಿಸಿ, ಪೂರ್ತಿ ಆರಿಸಿ ಕಟ್ಟಿದ್ದು. ಚೀಸ್ ಬೇರೆ ಪೊಟ್ಟಣದಲ್ಲಿರಲಿ. ಮನೆಯಲ್ಲಿ ದೋಸೆಯ ಕಬ್ಬಿಣದ ಕಾವಲಿಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಕಾಯಿಸಿ, ಬೇಸ್ ಇಟ್ಟು ಚೀಸ್ ಹರಡಿ, ಅಡಿ ಗರಿಯಾಗುವವರೆಗೆ ಮೂರು ನಿಮಿಷ ಬಿಡಿ. ಆಮೇಲೆ ಕಾವಲಿಯ ಅಂಚಿಗೆ ನಾಲ್ಕೇ ಹನಿ ನೀರು ಚಿಮುಕಿಸಿ ಮುಚ್ಚಿದರೆ ಒಂದು ನಿಮಿಷದಲ್ಲಿ ಚೀಸ್ ಕರಗುತ್ತದೆ. ಮೆತ್ತಗಾದ ಪೂರ್ತಿ ಪಿಜ್ಜಾಕ್ಕೂ ಇದೇ ಉಪಾಯ. ಮೈಕ್ರೋವೇವಿಗೆ ಇಡಬೇಡಿ, ಅಡಿ ಇನ್ನಷ್ಟು ಮೆತ್ತಗಾಗಿ ಎರಡು ನಿಮಿಷದಲ್ಲಿ ಬಿರುಸಾಗುತ್ತದೆ.