ಕತ್ತಲಲ್ಲಿ ತಗ್ಗು ಕಾಣುವ ಥರ್ಮಲ್ ಕ್ಯಾಮೆರಾ: ಸಂಡೂರಿನ ಬಂಡಿದಾರಿಯಲ್ಲಿ ಒಂದು ಬೇಸಿಗೆ

ಸಂಡೂರು ತಾಲ್ಲೂಕಿನಲ್ಲಿ ಅದಿರು ಲಾರಿಗಳ ರಸ್ತೆ ಬಿಟ್ಟು ಹೊಲದ ಕಡೆ ಇಳಿದರೆ ಗಾಡಿ ಸಿಕ್ಕಿಬೀಳುವುದು ಹೆಚ್ಚಾಗಿ ತಗ್ಗಿನಲ್ಲಿ. ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಳ್ಳಬೇಕಾದ ಸಣ್ಣ ವಾಹನವೊಂದನ್ನು ನಮ್ಮ ತಂಡ ಇಲ್ಲಿಯ ಖಾಸಗಿ ಜಮೀನೊಂದರಲ್ಲಿ ಪರೀಕ್ಷಿಸುತ್ತಿದ್ದು, ಅದಕ್ಕೆಂದು ಫೆಬ್ರುವರಿಯಲ್ಲಿ ಕೊಂಡ ಥರ್ಮಲ್ ಕ್ಯಾಮೆರಾವನ್ನು ಮೇ ಕೊನೆಯವರೆಗೆ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. 640×512 ಬಿಂದುಗಳ ಈ ಉಪಕರಣ ಸೆಕೆಂಡಿಗೆ 30 ಚಿತ್ರ ಕೊಡುತ್ತದೆ. 8ರಿಂದ 14 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ಕಿರಣಗಳನ್ನು ಗ್ರಹಿಸುವುದರಿಂದ ಇದಕ್ಕೆ ದೀಪ ಬೇಡ. ವಸ್ತುಗಳು ತಾವಾಗಿ ಹೊರಸೂಸುವ ಶಾಖದಿಂದಲೇ ಚಿತ್ರ ಮೂಡುತ್ತದೆ: ಬಿಸಿಯಾದದ್ದು ಬೆಳ್ಳಗೆ, ತಂಪಾದದ್ದು ಕಪ್ಪಗೆ.

ಕೊಟ್ಟ ಹಣಕ್ಕೆ ಮೋಸವಿಲ್ಲ ಎನಿಸಿದ್ದು ತಗ್ಗಿನ ವಿಷಯದಲ್ಲಿ. ಕಲ್ಲುಬಂಡೆಯನ್ನು ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಉಪಕರಣ) ದೂರದಿಂದಲೇ ಹಿಡಿಯುತ್ತದೆ, ಆದರೆ ತಗ್ಗಿನ ಆಚೆ ಬದಿಯ ಗೋಡೆ ದೂರಕ್ಕೆ ಒಂದು ಸಣ್ಣ ಗೆರೆಯಷ್ಟೇ ಕಾಣುವುದರಿಂದ ಅದು ಗೊತ್ತಾಗುವ ಹೊತ್ತಿಗೆ ಮುಂಗಾಲಿ ಅಂಚಿಗೆ ಬಂದಿರುತ್ತದೆ. ರಾತ್ರಿ ಬಯಲು ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣ್ಣಗಾಗುತ್ತದೆ. ತಗ್ಗಿನ ಒಳಗೋಡೆಗಳಾದರೋ ಒಂದಕ್ಕೊಂದು ಎದುರಾಗಿದ್ದು ಆಕಾಶಕ್ಕೆ ಅಷ್ಟಾಗಿ ತೆರೆದುಕೊಳ್ಳದ ಕಾರಣ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಲ್ಯಾರಿ ಮ್ಯಾಥಿಸ್ ಮತ್ತು ಆರ್ಟುರೊ ರ‍್ಯಾಂಕಿನ್ 2003ರಲ್ಲಿ ಇದನ್ನೇ ಬಳಸಿ ತಗ್ಗು ಗುರುತಿಸುವ ವಿಧಾನವನ್ನು ಮಂಡಿಸಿದ್ದರು. ನಮ್ಮ ಪರದೆಯ ಮೇಲೂ ರಾತ್ರಿ ಹತ್ತರ ನಂತರ ನೀರುಗಾಲುವೆಗಳು ಬೂದು ನೆಲದ ನಡುವೆ ಬಿಳಿ ಗೆರೆಗಳಾಗಿ ಎದ್ದು ಕಂಡವು. ಮೋಡ ಕವಿದ ರಾತ್ರಿಗಳಲ್ಲಿ ಮಾತ್ರ ಆ ಬಿಳುಪು ಬಹಳ ಮಂಕಾಯಿತು.

ಹಗಲಿನ ಮಾತು ಬೇರೆ. ಬೆಳಗ್ಗೆ ಮತ್ತು ಸಂಜೆ ಒಂದೊಂದು ಹೊತ್ತಿನಲ್ಲಿ ಮಣ್ಣು, ಕಲ್ಲು, ಜಾಲಿಗಿಡಗಳೆಲ್ಲ ಒಂದೇ ಉಷ್ಣತೆಗೆ ಬಂದು ಚಿತ್ರ ಬೂದಿ ಎರಚಿದಂತಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕಾದ ನೆಲಕ್ಕಿಂತ ಮನುಷ್ಯನ ಮೈಯೇ ತಂಪು. ಕ್ಯಾಮೆರಾದ ಜೊತೆ ಬಂದ ತಂತ್ರಾಂಶ ಮನುಷ್ಯ ಎಂದರೆ ಬೆಳ್ಳಗಿರಬೇಕು ಎಂದು ಕಲಿತು ಬಂದದ್ದರಿಂದ, ಆ ಹೊತ್ತಿನಲ್ಲಿ ಪರದೆಯ ಮೇಲೆ ಕಪ್ಪಗೆ ಕಾಣುವ ನಮ್ಮ ಹುಡುಗರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಜೋಡಣೆಯಲ್ಲೂ ಎಚ್ಚರ ಬೇಕು. ಈ ಕಿರಣಗಳು ಗಾಜಿನೊಳಗೆ ಹಾಯುವುದಿಲ್ಲವಾದ್ದರಿಂದ ಕ್ಯಾಮೆರಾವನ್ನು ಮುಂಗಾಜಿನ ಹಿಂದೆ ಕೂರಿಸುವಂತಿಲ್ಲ. ಹೊರಗಿಟ್ಟರೆ ಜರ್ಮೇನಿಯಂ ಮಸೂರದ ಮೇಲೆ ಕೆಂಪು ಅದಿರುಧೂಳು ಕೂರುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಲಾರಿ ಎಬ್ಬಿಸಿದ ತೆಳುಧೂಳಿನಾಚೆ ಅದರ ಬಿಸಿ ಟೈರುಗಳು ಕಂಡದ್ದು ನಿಜ, ದಟ್ಟ ಧೂಳಿನಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ಕಿರಿಕಿರಿ ಒಳಗಿನ ಶಟರ್‌ನದು: ಚಿತ್ರವನ್ನು ಸರಿಪಡಿಸಿಕೊಳ್ಳಲು ಅದು ಆಗಾಗ ಟಕ್ಕೆಂದು ಮುಚ್ಚಿದಾಗ ಚಿತ್ರ ಅರ್ಧ ಸೆಕೆಂಡು ನಿಂತುಬಿಡುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಗಾಡಿ ಸುಮಾರು 2.8 ಮೀಟರ್ ಸಾಗಿರುತ್ತದೆ. ಗಾಡಿ ನಿಂತಾಗ ಮಾತ್ರ ಶಟರ್ ಮುಚ್ಚುವಂತೆ ಹೊಂದಿಸಲು ಬರುತ್ತದೆ, ಆದರೆ ಮಾರಿದವರು ಅದನ್ನು ಹೇಳಲಿಲ್ಲ. ಕೈಪಿಡಿ ಓದಿ ನಾವೇ ಕಂಡುಕೊಳ್ಳಬೇಕಾಯಿತು.

ಏಪ್ರಿಲ್‌ನ ಒಂದು ರಾತ್ರಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿದ್ದರು. ದಟ್ಟ ಉಣ್ಣೆಯ ಮೈ ಮಂಕಾಗಿ, ಮುಖ ಮತ್ತು ಕಾಲುಗಳು ಬೆಳ್ಳಗಾಗಿ ಕಂಡ ಕುರಿಗಳನ್ನು ತಂತ್ರಾಂಶ ಒಂದೊಂದಾಗಿ ಗುರುತಿಸಿತು. ಹಿಂಡಿನ ಈಚೆಗೆ, ಬಂಡಿದಾರಿಯ ಅಂಚಿನಲ್ಲಿ, ಅಂಗೈಯಗಲದ ಒಂದೇ ಬಿಳಿ ಚುಕ್ಕೆ ಇತ್ತು. ಅದಕ್ಕೆ ಯಾವ ಹೆಸರೂ ಬೀಳಲಿಲ್ಲ. ಪರೀಕ್ಷೆಯ ವೇಳೆ ಮುನ್ನೆಚ್ಚರಿಕೆಗೆಂದು ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದ ಚಾಲಕ ಗಾಡಿ ನಿಲ್ಲಿಸಿ, "ಸರ್, ಅಲ್ಲಿ ಯಾರೋ ಮಲಗ್ಯಾರ್ರಿ" ಎಂದರು. ಕುರಿಗಾಹಿಯೊಬ್ಬರು ಕಂಬಳಿ ಹೊದ್ದು ಮಲಗಿದ್ದರು. ಕಂಬಳಿ ಮೈಶಾಖವನ್ನು ಒಳಗೇ ತಡೆದದ್ದರಿಂದ ಮುಖವಷ್ಟೇ ಕಂಡಿತ್ತು.

ಕ್ಯಾಮೆರಾವನ್ನು ನಾವು ಹಿಂದಿರುಗಿಸಿಲ್ಲ, ರಾತ್ರಿ ತಗ್ಗು ಹುಡುಕಲು ಇದಕ್ಕಿಂತ ಒಳ್ಳೆಯದು ನಮ್ಮ ಗಾಡಿಯ ಮೇಲೆ ಬೇರೊಂದಿಲ್ಲ. ಈಗ ಕಂಬಳಿ ಹೊದ್ದು ಮಲಗಿದವರ ಚಿತ್ರಗಳನ್ನು ಅವರ ಒಪ್ಪಿಗೆ ಪಡೆದು ಕೂಡಿಸುತ್ತಿದ್ದೇವೆ. ತಂತ್ರಾಂಶ ಅವನ್ನು ಕಲಿಯುವವರೆಗೆ ಚಾಲಕ ಸೀಟು ಬಿಟ್ಟು ಇಳಿಯುವಂತಿಲ್ಲ.